ಮಸೀದಿಗೆ ಹೋಗದ ಅಲೆವಿಗಳು ಪ್ರಾರ್ಥನೆ ಮಾಡುವುದು ಎಲ್ಲಿ?

ಓದುಗರ ಪ್ರಶ್ನೆ: ಟರ್ಕಿಯಲ್ಲಿ ಅಲೆವಿಗಳು ಅಂತ ಇದ್ದಾರಂತೆ. ಪ್ರವಾದಿ ಮುಹಮ್ಮದರ ಅಳಿಯ ಅಲಿಯನ್ನು ನಂಬುತ್ತಾರೆ, ಆದರೆ ಮಸೀದಿಗೆ ಹೋಗುವುದಿಲ್ಲವಂತೆ. ಹಾಗಾದರೆ ಅವರ ಪ್ರಾರ್ಥನೆ ಹೇಗೆ? ಬೆಕ್ತಾಶಿಗಳು ಅಂದರೂ ಇವರೇನಾ?

ಉತ್ತರ: ಮೊದಲು ಅವರ ಪ್ರಾರ್ಥನೆಯನ್ನೇ ನೋಡೋಣ. ಮಸೀದಿಯ ಮಾತು ಆಮೇಲೆ ತಾನಾಗಿ ಬರುತ್ತದೆ.

ಗುರುವಾರ ಸಂಜೆ. ಒಂದು ದೊಡ್ಡ ಕೋಣೆ. ಹೆಂಗಸರು, ಗಂಡಸರು, ಮಕ್ಕಳು ಒಟ್ಟಿಗೆ ನೆಲದ ಮೇಲೆ ಸುತ್ತಲೂ ಕೂತಿದ್ದಾರೆ, ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವ ಹಾಗೆ. ಕುರಿತೊಗಲಿನ ಮೇಲೆ ದೆದೆ ಕೂತಿರುತ್ತಾರೆ. ಟರ್ಕಿ ಭಾಷೆಯಲ್ಲಿ ದೆದೆ ಅಂದರೆ ಅಜ್ಜ, ಇಲ್ಲಿ ಪ್ರಾರ್ಥನೆ ನಡೆಸುವ ಗುರು. ಈ ಸೇರುವಿಕೆಗೆ ಜೆಮ್ ಅಂತ ಹೆಸರು. ಎಲ್ಲಕ್ಕಿಂತ ಮೊದಲು ದೆದೆ ಒಂದು ಪ್ರಶ್ನೆ ಕೇಳುತ್ತಾರೆ: ನೀವೆಲ್ಲ ಒಬ್ಬರಿಗೊಬ್ಬರು ರಾಜಿನಾ?

ಟರ್ಕಿ ಭಾಷೆಯಲ್ಲೂ ಆ ಪದ ಹೆಚ್ಚುಕಡಿಮೆ ಇದೇ. ಅರಬ್ಬಿಯಿಂದ ಅವರಿಗೆ ಹೋಯಿತು, ಪಾರ್ಸಿಯ ದಾರಿ ಹಿಡಿದು ನಮಗೂ ಬಂತು. ನಾವು ರಾಜಿ ಅಂದಾಗ ಕೋರ್ಟು, ಪಂಚಾಯ್ತಿ ನೆನಪಾಗುತ್ತದೆ ಅಲ್ವಾ? ಅಲೆವಿಗಳಲ್ಲಿ ರಾಜಿ ಇಲ್ಲದೆ ಪ್ರಾರ್ಥನೆಯೇ ಶುರುವಾಗುವುದಿಲ್ಲ.

ಯಾರಾದರೂ ಎದ್ದು "ಇವರ ಮೇಲೆ ನನಗೆ ದೂರು ಇದೆ" ಅಂದರೆ ಜೆಮ್ ಅಲ್ಲಿಗೇ ನಿಲ್ಲುತ್ತದೆ. ಇಬ್ಬರನ್ನೂ ನಡುವಿನ ಜಾಗಕ್ಕೆ ಕರೆಯುತ್ತಾರೆ. ಆ ಜಾಗಕ್ಕೆ ದಾರ್ ಅನ್ನುತ್ತಾರೆ. ದಾರ್ ಅಂದರೆ ನೇಣುಗಂಬ. 922ರಲ್ಲಿ ಬಾಗ್ದಾದಿನಲ್ಲಿ ಕೊಂದ ಸೂಫಿ ಮನ್ಸೂರ್ ಹಲ್ಲಾಜರ ನೆನಪು ಅದರಲ್ಲಿದೆ. ಅಲ್ಲಿ ನಿಂತವರು ಬಲಗಾಲಿನ ಹೆಬ್ಬೆರಳನ್ನು ಎಡಗಾಲಿನ ಹೆಬ್ಬೆರಳ ಮೇಲಿಟ್ಟು ತಲೆ ಬಗ್ಗಿಸುತ್ತಾರೆ. ತೀರಿಸದ ಸಾಲ ಇರಬಹುದು, ಗದ್ದೆ ಬದುವಿನ ಜಗಳ ಇರಬಹುದು, ಆಡಬಾರದ ಮಾತು ಇರಬಹುದು. ಎಲ್ಲರ ಎದುರಿಗೇ ಅದು ಬಗೆಹರಿಯಬೇಕು. ದೊಡ್ಡ ತಪ್ಪು ಮಾಡಿದವರನ್ನು ದುಶ್ಕುನ್, ಅಂದರೆ ಬಿದ್ದವರು, ಅಂತ ಹೊರಗಿಡುತ್ತಿದ್ದರು. ಹಿಂದೆಲ್ಲ ಹಳ್ಳಿಯ ಜನ ತಮ್ಮ ವ್ಯಾಜ್ಯಗಳನ್ನು ಸುಲ್ತಾನನ ಕಾಜಿಯ ಹತ್ತಿರ ಒಯ್ಯದೆ ಇಲ್ಲೇ ತೀರಿಸಿಕೊಳ್ಳುತ್ತಿದ್ದರು.

ರಾಜಿಯಾದ ಮೇಲೆ ಒಬ್ಬರು ದೀಪ ಹಚ್ಚುತ್ತಾರೆ, ಒಬ್ಬರು ಪೊರಕೆ ಹಿಡಿದು ಗುಡಿಸುತ್ತಾರೆ, ಒಬ್ಬರು ನೀರು ಕೊಡುತ್ತಾರೆ, ಒಬ್ಬರು ಬಾಗಿಲು ಕಾಯುತ್ತಾರೆ. ಹೀಗೆ ಒಟ್ಟು ಹನ್ನೆರಡು ಸೇವೆಗಳು. ಜಾಕಿರ್ ಅನ್ನುವ ಹಾಡುಗಾರರು ಬಾಗ್ಲಮಾ ನುಡಿಸುತ್ತಾ ಹಾಡುತ್ತಾರೆ. ಉದ್ದ ಕೊರಳಿನ ಈ ತಂತಿವಾದ್ಯಕ್ಕೆ ಅಲೆವಿಗಳಲ್ಲಿ ಎಂಥ ಗೌರವ ಅಂದರೆ, ಅದನ್ನು ತಂತಿಯ ಕುರಾನ್ ಅಂತಲೇ ಕರೆಯುತ್ತಾರೆ. ಹಾಡು ಬಿಸಿಯೇರಿದಂತೆ ಕೆಲವರು ಎದ್ದು ಸೆಮಾಹ್ ತಿರುಗುತ್ತಾರೆ. ಹೆಣ್ಣು ಗಂಡು ಒಟ್ಟಿಗೆ ಸುತ್ತುತ್ತಾರೆ, ಆದರೆ ಯಾರೂ ಯಾರ ಕೈಯನ್ನೂ ಹಿಡಿಯುವುದಿಲ್ಲ. ಒಂದು ಸೆಮಾಹ್‌ನಲ್ಲಿ ತೋಳುಗಳು ಕೊಕ್ಕರೆಯಂಥ ತುರ್ನಾ ಹಕ್ಕಿಯ ರೆಕ್ಕೆಯ ಹಾಗೆ ಏರಿ ಇಳಿಯುತ್ತವೆ. ಇದನ್ನು ಕುಣಿತ ಅಂದರೆ ಅಲೆವಿಗಳಿಗೆ ಬೇಜಾರಾಗುತ್ತದೆ. ಅವರಿಗೆ ಇದೇ ಪ್ರಾರ್ಥನೆ. ಯುನೆಸ್ಕೋ 2010ರಲ್ಲಿ ಸೆಮಾಹ್ ಅನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಕೊನೆಗೆ ಲೋಕ್ಮಾ, ಅಂದರೆ ಊಟದ ತುತ್ತು. ಎಲ್ಲರಿಗೂ ಸಮಪಾಲು. ಸಿಗದವರು ಯಾರಾದರೂ ಇದ್ದಾರಾ ಅಂತ ಕೇಳಿದ ಮೇಲೆಯೇ ಬಾಯಿಗಿಡುವುದು.

ಇದೆಲ್ಲ ಎಲ್ಲಿಂದ ಬಂತು ಅಂತ ಕೇಳಿದರೆ ಅಲೆವಿಗಳು ಒಂದು ಕಥೆ ಹೇಳುತ್ತಾರೆ. ನನಗೆ ತುಂಬಾ ಇಷ್ಟವಾದ ಕಥೆ ಇದು. ಪ್ರವಾದಿ ಮುಹಮ್ಮದರು ಸ್ವರ್ಗಯಾತ್ರೆ ಮುಗಿಸಿ ಬರುವಾಗ ದಾರಿಯಲ್ಲಿ ಒಂದು ಮನೆಯ ಬಾಗಿಲು ತಟ್ಟಿದರು. ಯಾರು ಅಂತ ಒಳಗಿನಿಂದ ಕೇಳಿದರು. "ನಾನು ಪ್ರವಾದಿ" ಅಂದರು. ಬಾಗಿಲು ತೆರೆಯಲಿಲ್ಲ. ಕೊನೆಗೆ "ನಾನು ಬಡವರ ಸೇವಕ" ಅಂದಾಗ ತೆರೆಯಿತು. ಒಳಗೆ ನಲವತ್ತು ಮಂದಿ, ಗಂಡಸರೂ ಹೆಂಗಸರೂ. ಅವರಲ್ಲಿ ಅಲಿಯೂ ಇದ್ದರು. ನಮ್ಮಲ್ಲಿ ದೊಡ್ಡವರು ಚಿಕ್ಕವರು ಇಲ್ಲ ಅಂದರು. ಒಬ್ಬರ ತೋಳು ಗೀರಿದರೆ ಎಲ್ಲರ ತೋಳಲ್ಲೂ ರಕ್ತ ಬಂತು. ಒಂದೇ ಒಂದು ದ್ರಾಕ್ಷಿಯನ್ನು ಹಿಂಡಿ ನಲವತ್ತು ಜನ ಹಂಚಿಕೊಂಡರು, ಅಮಲೇರಿ ಸೆಮಾಹ್ ತಿರುಗಿದರು, ಪ್ರವಾದಿಯೂ ಜೊತೆಗೆ ತಿರುಗಿದರು. ಈಗಿನ ಪ್ರತಿ ಜೆಮ್ ಆ ರಾತ್ರಿಯದೇ ನೆನಪು.

ಇನ್ನು ಮಸೀದಿ. ಕೂಫಾದ ಮಸೀದಿಯಲ್ಲಿ ಪ್ರಾರ್ಥನೆಯ ಹೊತ್ತಿನಲ್ಲೇ ಅಲಿಯ ಮೇಲೆ ಕತ್ತಿ ಬೀಸಿದರು, 661ರಲ್ಲಿ. ಅದಕ್ಕೇ ನಾವು ಅಲ್ಲಿಗೆ ಹೋಗುವುದಿಲ್ಲ ಅಂತ ಅನೇಕರು ಹೇಳುತ್ತಾರೆ. ನಮ್ಮ ಕಾಬಾ ಮನುಷ್ಯನೇ, ಅದಕ್ಕೇ ಮನುಷ್ಯರ ಮುಖಕ್ಕೆ ತಿರುಗಿ ಕೂರುತ್ತೇವೆ ಅನ್ನುವವರೂ ಇದ್ದಾರೆ. ರಂಜಾನ್ ಉಪವಾಸದ ಬದಲು ಮೊಹರಂನಲ್ಲಿ ಹನ್ನೆರಡು ದಿನ ಉಪವಾಸ ಮಾಡುತ್ತಾರೆ. ಕರ್ಬಲಾದಲ್ಲಿ ಬಾಯಾರಿ ಸತ್ತ ಅಲಿಯ ಮಗ ಹುಸೇನ್ ಮತ್ತು ಸಂಗಡಿಗರ ನೆನಪಿಗೆ ಆ ದಿನಗಳಲ್ಲಿ ಬರೀ ನೀರು ಕುಡಿಯದವರು ಎಷ್ಟೋ ಜನ. ಕೊನೆಯಲ್ಲಿ ಗೋಧಿ, ಕಡಲೆ, ಒಣಹಣ್ಣು ಹಾಕಿದ ಆಶುರೆ ಪಾಯಸ ಮಾಡಿ ನೆರೆಹೊರೆಗೆ ಹಂಚುತ್ತಾರೆ. ಇವರೆಲ್ಲ ಮುಸ್ಲಿಮರೇ ಅಂತ ಕೇಳಿದರೆ ಅಲೆವಿಗಳಲ್ಲೇ ಒಮ್ಮತ ಇಲ್ಲ. ಇಸ್ಲಾಮಿನ ತಿರುಳೇ ನಾವು ಅನ್ನುವವರಿದ್ದಾರೆ, ನಮ್ಮದು ಬೇರೆಯೇ ದಾರಿ ಅನ್ನುವವರೂ ಇದ್ದಾರೆ. ಹೊರಗಿನ ನಾವು ತೀರ್ಪು ಕೊಡಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಭಯದ ಚರಿತ್ರೆಯೂ ಇದಕ್ಕೆ ಸೇರಿದೆ. ಇವರ ಹಿರಿಯರನ್ನು ಕಿಜಿಲ್‌ಬಾಶ್, ಕೆಂಪು ತಲೆಯವರು, ಅಂತ ಕರೆಯುತ್ತಿದ್ದರು. ಇರಾನಿನ ಶಾ ಇಸ್ಮಾಯಿಲನ ಬೆಂಬಲಿಗರು ಅಲಿ ಮತ್ತು ಅವರ ವಂಶದ ಹನ್ನೆರಡು ಇಮಾಮರ ಹೆಸರಲ್ಲಿ ಹನ್ನೆರಡು ಮಡಿಕೆಯ ಕೆಂಪು ಟೋಪಿ ಹಾಕುತ್ತಿದ್ದರು. (ನಮ್ಮ ವಿಜಯಪುರದ ಇಸ್ಮಾಯಿಲ್ ಆದಿಲ್ ಶಾ ಕೂಡ ತನ್ನ ಸೈನಿಕರಿಗೆ ಇದೇ ಟೋಪಿ ಹಾಕಿಸಿದ್ದ.) 1514ರಲ್ಲಿ ಚಾಲ್ದಿರಾನ್ ಯುದ್ಧದಲ್ಲಿ ಆಟೊಮನ್ ಸುಲ್ತಾನ್ ಸೆಲೀಮ್ ಆ ಶಾನನ್ನು ಸೋಲಿಸಿದ. ಅಲ್ಲಿಂದ ಅನಟೋಲಿಯಾದ, ಅಂದರೆ ಈಗಿನ ಟರ್ಕಿಯ, ಕಿಜಿಲ್‌ಬಾಶರು ದ್ರೋಹಿಗಳಾದರು. ಬೆಟ್ಟದ ಹಳ್ಳಿಗಳಲ್ಲಿ ಅಡಗಿ ಬದುಕುವವರು ಪ್ರಾರ್ಥನೆಗೆ ಅಂತ ಕಟ್ಟಡ ಕಟ್ಟುವುದು ಹೇಗೆ? ಯಾರದೋ ಮನೆಯ ದೊಡ್ಡ ಕೋಣೆಯಲ್ಲೇ ಜೆಮ್ ನಡೆಯುತ್ತಿತ್ತು. ಹನ್ನೆರಡು ಸೇವೆಗಳಲ್ಲಿ ಬಾಗಿಲು ಕಾಯುವುದೂ ಒಂದು ಅಂದೆನಲ್ಲ, ಆ ಕಾಲದಲ್ಲಿ ಅದು ಜೀವ ಉಳಿಸುವ ಕೆಲಸ. ಹೆಣ್ಣು ಗಂಡು ಸೇರಿ ದೀಪ ಆರಿಸಿ ಕತ್ತಲಲ್ಲಿ ಕೆಟ್ಟದಾಗಿ ನಡೆದುಕೊಳ್ಳುತ್ತಾರೆ ಅನ್ನುವ ಕೊಳಕು ಆರೋಪವನ್ನು ಇವತ್ತಿಗೂ ಅವರು ಕೇಳಬೇಕಾಗುತ್ತದೆ. ಜೆಮ್ ಶುರುವಾಗುವುದೇ ದೀಪ ಹಚ್ಚಿ ಅನ್ನುವುದು ನೆನಪಿರಲಿ.

ಬೆಕ್ತಾಶಿಗಳು ಇವರೇನಾ? ನೆಂಟರು ಅನ್ನಿ. 13ನೇ ಶತಮಾನದಲ್ಲಿ ಖೊರಾಸಾನಿನಿಂದ ಬಂದು ಅನಟೋಲಿಯಾದಲ್ಲಿ ನೆಲೆಸಿದ ಹಾಜಿ ಬೆಕ್ತಾಶ್ ವೆಲಿ ಇಬ್ಬರಿಗೂ ಗುರು. ಅಲೆವಿತನ ಹುಟ್ಟಿನಿಂದ ಬರುತ್ತದೆ, ದೆದೆಗಳು ವಂಶದಿಂದ ಬರುತ್ತಾರೆ. ಬೆಕ್ತಾಶಿ ಒಂದು ಸೂಫಿ ಪಂಥ, ದೀಕ್ಷೆ ಪಡೆದು ಸೇರಬಹುದು. ಸುಲ್ತಾನನ ಜಾನಿಸರಿ ಸೈನಿಕರು ಈ ಪಂಥದವರು. 1826ರಲ್ಲಿ ಆ ಸೈನ್ಯವನ್ನು ಮುಗಿಸಿದಾಗ ಪಂಥವನ್ನೂ ನಿಷೇಧಿಸಿದರು. 1925ರಲ್ಲಿ ಟರ್ಕಿ ಗಣರಾಜ್ಯ ಎಲ್ಲ ಸೂಫಿ ಮಠಗಳಿಗೂ ಬೀಗ ಹಾಕಿತು. ಆಮೇಲೆ ಬೆಕ್ತಾಶಿಗಳ ಕೇಂದ್ರ ಅಲ್ಬೇನಿಯಾದ ತಿರಾನಾಕ್ಕೆ ಹೋಯಿತು, ಈಗಲೂ ಅಲ್ಲೇ ಇದೆ.

ಜೆಮ್‌ಗೆ ಅಂತಲೇ ಕಟ್ಟಿದ ಜೆಮೆವಿಗಳು ನಗರಗಳಲ್ಲಿ ಜಾಸ್ತಿಯಾದದ್ದು 1990ರ ನಂತರ. 1993ರ ಜುಲೈ 2ರಂದು ಸಿವಾಸ್ ಊರಲ್ಲಿ, ಹಳೆಯ ಅಲೆವಿ ಕವಿ ಪೀರ್ ಸುಲ್ತಾನ್ ಅಬ್ದಾಲರ ಹೆಸರಿನ ಉತ್ಸವಕ್ಕೆ ಬಂದವರಿದ್ದ ಹೋಟೆಲಿಗೆ ಗುಂಪೊಂದು ಬೆಂಕಿ ಹಚ್ಚಿತು. ಉತ್ಸವಕ್ಕೆ ಬಂದಿದ್ದ 33 ಮಂದಿ, ಹೋಟೆಲಿನ ಇಬ್ಬರು ಕೆಲಸಗಾರರು ಸತ್ತರು. ಸೆಮಾಹ್ ತಿರುಗಲು ಬಂದಿದ್ದ ಹುಡುಗ ಹುಡುಗಿಯರೂ ಅವರಲ್ಲಿದ್ದರು. ಇನ್ನು ಅಡಗಿ ಬದುಕುವುದು ಬೇಡ ಅಂತ ಬಹಳ ಅಲೆವಿಗಳು ಗಟ್ಟಿಮನಸ್ಸು ಮಾಡಿದ್ದು ಆಮೇಲೆ. ಸಂಘಗಳು ಬೆಳೆದವು, ಜೆಮೆವಿಗಳು ಎದ್ದವು. ಮಸೀದಿಗೆ ಸಿಗುವ ಮಾನ್ಯತೆಯನ್ನು ಇವಕ್ಕೆ ಕೊಡದಿರುವುದು ತಪ್ಪು ಅಂತ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2016ರಲ್ಲಿ ಹೇಳಿತು. ಟರ್ಕಿ ಸರ್ಕಾರ 2022ರಲ್ಲಿ ಜೆಮೆವಿಗಳಿಗೆ ಒಂದು ಇಲಾಖೆ ಮಾಡಿತು. ಅದನ್ನು ಇಟ್ಟದ್ದು ಸಂಸ್ಕೃತಿ ಮತ್ತು ಪ್ರವಾಸೋದ್ಯಮ ಸಚಿವಾಲಯದ ಕೆಳಗೆ. ಇದಕ್ಕೆ ಬಹುಪಾಲು ಅಲೆವಿ ಸಂಘಗಳು ರಾಜಿಯಾಗಿಲ್ಲ. ನಮ್ಮದು ಪ್ರಾರ್ಥನೆಯ ಮನೆ, ಹಾಗೆಂದೇ ಕಾನೂನಿನಲ್ಲಿ ಬರೆಯಿರಿ ಅಂತ ಅವರು ಕೇಳುತ್ತಲೇ ಇದ್ದಾರೆ.