ಹಡಗಿನಲ್ಲಿ ಕಾಗದ ಒಯ್ದರೆ ದಂಡ, ಅಂಚೆಗೆ ಒಪ್ಪಿಸಿದರೆ ಒಂದು ಪೆನ್ನಿ

ಖಾಸಗಿ ಕಾಗದ ಅಂಚೆಯ ಕೈ ತಪ್ಪಿ ಹೋಗಬಾರದು ಅಂತ ಸರ್ಕಾರಕ್ಕೆ ಯಾಕಷ್ಟು ಹಟ? 1657ರಲ್ಲಿ, ರಾಜನಿಲ್ಲದೆ ಕ್ರಾಮ್‌ವೆಲ್ ಆಳುತ್ತಿದ್ದ ಕಾಲದ ಇಂಗ್ಲೆಂಡಿನಲ್ಲಿ, ಕಾಯ್ದೆ ಬಾಯಿಬಿಟ್ಟೇ ಹೇಳಿತ್ತು: ಪಿತೂರಿಗಳನ್ನು ಪತ್ತೆ ಮಾಡುವುದಕ್ಕೆ. ರಾಜ ಎರಡನೇ ಚಾರ್ಲ್ಸ್ ದೇಶಕ್ಕೆ ಮರಳಿದ 1660ರಲ್ಲಿ ಹೊಸ ಕಾಯ್ದೆ ಬಂತು. ಕಾಗದ ಸಾಗಿಸುವ ಹಕ್ಕು ಅಂಚೆಗೆ ಮಾತ್ರ ಎಂದಿತು. ಸರಕಿನ ಜೊತೆ ಹೋಗುವ ಸರಕಿನ ಕಾಗದಕ್ಕೆ, ಆ ಕಡೆ ಹೊರಟ ಸ್ನೇಹಿತನ ಕೈಲಿ ಕೊಟ್ಟ ಕಾಗದಕ್ಕೆ ವಿನಾಯಿತಿ ಇತ್ತು.

1711ರ ಹೊತ್ತಿಗೆ ಕಾರಣ ಬದಲಾಗಿತ್ತು. ಸ್ಪೇನಿನ ಸಿಂಹಾಸನಕ್ಕಾಗಿ ಯುದ್ಧ ನಡೆದಿತ್ತು. ಹೊಸ ಕಾಯ್ದೆ ಅಂಚೆಯ ಆದಾಯದಿಂದ ವಾರಕ್ಕೆ 700 ಪೌಂಡು ಬೊಕ್ಕಸಕ್ಕೆ ಬರಬೇಕೆಂದಿತು. ಲಂಡನ್ನಿನಿಂದ ನ್ಯೂಯಾರ್ಕಿಗೆ ಒಂದು ಹಾಳೆಯ ಕಾಗದಕ್ಕೆ ಒಂದು ಶಿಲಿಂಗ್, ಅಂದರೆ ಹನ್ನೆರಡು ಪೆನ್ನಿ. ಅಷ್ಟು ದುಬಾರಿಯಾದರೆ ಜನ ಬೇರೆ ದಾರಿ ಹುಡುಕುತ್ತಾರೆ, ಅಲ್ವಾ? ಲಂಡನ್ನಿನ ಕಾಫಿ ಹೌಸುಗಳಲ್ಲಿ ಹಡಗಿನ ಕ್ಯಾಪ್ಟನ್ನರು ಚೀಲ ತೂಗುಹಾಕುತ್ತಿದ್ದರು. ಕಾಗದ ಹಾಕಿ ಒಂದೆರಡು ಪೆನ್ನಿ ಕೊಟ್ಟರೆ ಮುಗೀತು.

ಸರ್ಕಾರದ ಪೇಚು ಇದ್ದದ್ದೇ ಇಲ್ಲಿ. ಅಂಚೆಯ ಸ್ವಂತ ಹಡಗುಗಳು ಕಡಿಮೆ. ಕ್ಯಾಪ್ಟನ್ನರನ್ನು ಹೆದರಿಸಬೇಕು, ಅವರಿಲ್ಲದೆ ಕೆಲಸವೂ ನಡೆಯದು. ಹಾಗಾಗಿ 1711ರ ಕಾಯ್ದೆ ದಂಡದ ಜೊತೆಗೆ ಆಸೆಯನ್ನೂ ತೋರಿಸಿತು: ಬಂದರಿಗೆ ಬಂದವನು ತಂದ ಕಾಗದಗಳನ್ನು ಅಂಚೆಗೆ ಒಪ್ಪಿಸಿದರೆ ಒಂದೊಂದಕ್ಕೂ ಒಂದು ಪೆನ್ನಿ. ಹೊರಡುವ ಹಡಗುಗಳ ಕಾಗದಕ್ಕಾಗಿ 1799ರಲ್ಲಿ ಲಂಡನ್ನಿನಲ್ಲಿ ಪ್ರತ್ಯೇಕ ಕಚೇರಿಯೇ ತೆರೆಯಿತು. ಕಾಫಿ ಹೌಸಿನ ಚೀಲಗಳು ಆಮೇಲೂ ತುಂಬುತ್ತಲೇ ಇದ್ದವು. ನನ್ನ ಕೇಳಿದರೆ, ದಂಡಕ್ಕಿಂತ ಆ ಪುಡಿಗಾಸೇ ಜಾಸ್ತಿ ಕೆಲಸ ಮಾಡಿರಬೇಕು.

ಇದೇ ಕಟ್ಟು ಭಾರತಕ್ಕೂ ಬಂತು. 1837ರಲ್ಲಿ ಕಂಪನಿ ಸರ್ಕಾರ ತನ್ನ ಪ್ರದೇಶದಲ್ಲಿ ಕಾಗದ ಸಾಗಣೆಯನ್ನು ತನ್ನದೇ ಹಕ್ಕಾಗಿಸಿಕೊಂಡಿತು. 1898ರ ಅಂಚೆ ಕಾಯ್ದೆಯ 4ನೇ ಸೆಕ್ಷನ್ನಿನಲ್ಲಿ ಆ ಹಳೆಯ ಸ್ನೇಹಿತ ಮತ್ತೆ ಕಾಣಿಸುತ್ತಾನೆ, ದುಡ್ಡು ತೆಗೆದುಕೊಳ್ಳಬಾರದು ಅಷ್ಟೆ. 5ನೇ ಸೆಕ್ಷನ್ ಮಾತ್ರ ಬಿಗಿ. ಭಾರತದ ಒಂದು ಬಂದರಿನಿಂದ ಇನ್ನೊಂದಕ್ಕೆ ಹೋಗುವ ಹಡಗಿನ ಕ್ಯಾಪ್ಟನ್ ಪುಕ್ಕಟೆಯಾಗಿಯೂ ಕಾಗದ ಒಯ್ಯುವಂತಿರಲಿಲ್ಲ. ಅಂದರೆ ಮಂಗಳೂರಿನಿಂದ ಮುಂಬೈಗೆ ಹೊರಟ ಪ್ರಯಾಣಿಕ ಗೆಳೆಯನ ಕಾಗದ ಜೇಬಿಗೆ ಹಾಕಿಕೊಳ್ಳಬಹುದಿತ್ತು. ಅದೇ ಉಪಕಾರವನ್ನು ಕ್ಯಾಪ್ಟನ್ ಮಾಡಿದರೆ ಕಾಗದವೊಂದಕ್ಕೆ 50 ರೂಪಾಯಿವರೆಗೆ ದಂಡ! ಸರಕಿನ ಕಾಗದಕ್ಕೆ ಇಲ್ಲೂ ವಿನಾಯಿತಿ ಇತ್ತು.

ಕೊರಿಯರ್ ಕಂಪನಿಗಳು ಬೀದಿಬೀದಿಗೆ ಬಂದ ಮೇಲೂ ಈ ಸೆಕ್ಷನ್ನುಗಳು ಸುಮ್ನೆ ಪುಸ್ತಕದಲ್ಲಿದ್ದವು. 2023ರ ಹೊಸ ಅಂಚೆ ಕಾಯ್ದೆ 2024ರ ಜೂನ್ 18ರಂದು ಜಾರಿಗೆ ಬಂದಾಗ ಕಾಗದ ಸಾಗಿಸುವ ಏಕಸ್ವಾಮ್ಯ ಹೋಯಿತು. ಅಂಚೆಚೀಟಿ ಹೊರಡಿಸುವ ಹಕ್ಕು ಮಾತ್ರ ಈಗಲೂ ಅಂಚೆ ಇಲಾಖೆಯದೇ.