ಒಂದೇ ನೆರೆ, ಹಲವು ಲೆಕ್ಕ: 2009ರ ಪ್ರವಾಹದ ಹಿಂದೆ ಮುಂದೆ

2009ರ ಸೆಪ್ಟೆಂಬರ್ ಕೊನೆಯ ವಾರದವರೆಗೂ ಉತ್ತರ ಕರ್ನಾಟಕದ ಊರುಗಳಲ್ಲಿ ಬರದ್ದೇ ಮಾತು. ಆ ವರ್ಷ ದೇಶದ ಮುಂಗಾರು ವಾಡಿಕೆಗಿಂತ ಸುಮಾರು ಶೇ 22ರಷ್ಟು ಕಡಿಮೆಯಾಗಿ, 1972ರ ನಂತರದ ಅತಿ ಕೆಟ್ಟ ಮಳೆಗಾಲ ಎನಿಸಿತ್ತು. ಅದರ ಬೆನ್ನಿಗೇ ವಾಯುಭಾರ ಕುಸಿತದಿಂದ ಬಾಗಲಕೋಟೆ, ವಿಜಾಪುರ, ಗದಗ, ರಾಯಚೂರು ಮುಂತಾದ ಜಿಲ್ಲೆಗಳಲ್ಲಿ ದಿನಗಟ್ಟಲೆ ಮಳೆ ಸುರಿದು, ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು.

ಹವಾಮಾನ ತಜ್ಞರಿಗೆ ಅದು ವಾಯುಭಾರದ ಸಂಗತಿ, ನೀರಾವರಿ ಎಂಜಿನಿಯರಿಗೆ ಒಳಹರಿವು ಹೊರಹರಿವಿನ ಕ್ಯುಸೆಕ್ ಲೆಕ್ಕ. ಊರವರ ಅನುಭವ ಬೇರೆಯೇ ಆಗಿತ್ತು. ಆ ಸಾವುಗಳಲ್ಲಿ ಬಹಳಷ್ಟು ನದಿಯ ಸೆಳೆತದಿಂದ ಆದವಲ್ಲ, ಮನೆ ಬಿದ್ದು ಆದವು. ಬಯಲುಸೀಮೆಯ ಮಣ್ಣಿನ ಮಾಳಿಗೆ ಮನೆಯನ್ನು ಕಡಿಮೆ ಮಳೆಯ ನಾಡಿಗೆಂದೇ ಕಟ್ಟುತ್ತಾರೆ. ಕಟ್ಟಿಗೆಯ ಜಂತಿಗಳ ಮೇಲೆ ದಪ್ಪಗೆ ಮಣ್ಣು ಹಾಸಿ, ಪ್ರತಿ ಮಳೆಗಾಲಕ್ಕೆ ಮುನ್ನ ಮತ್ತಷ್ಟು ಮಣ್ಣು ಹಾಕಿ ಸರಿಮಾಡಿದರೆ ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಮಳೆ ಬಿಡದೆ ಹಿಡಿದಾಗ ಮಾತ್ರ ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಗೋಡೆಯ ಬುಡ ಕರಗುತ್ತದೆ, ಒಳಗೆ ಮಲಗಿದವರ ಮೇಲೆ ಎಲ್ಲವೂ ಒಮ್ಮೆಗೇ ಕುಸಿಯುತ್ತದೆ. ನದಿಯಿಂದ ದೂರವಿದ್ದವರೂ ಹೀಗೆ ಸತ್ತರು.

ಹಾನಿಯನ್ನು ಎಣಿಸುವ ಸರ್ಕಾರಿ ಪದ್ಧತಿ ಹಳೆಯದು. ಮೈಸೂರು ಸಂಸ್ಥಾನವನ್ನೂ ಆಗಿನ ಕಲಾದಗಿ ಜಿಲ್ಲೆಯನ್ನೂ ಬರಿದು ಮಾಡಿದ 1876–78ರ ಬರದ ತರುವಾಯ ಬ್ರಿಟಿಷ್ ಆಡಳಿತ ಕ್ಷಾಮ ಸಂಹಿತೆಗಳನ್ನು ರೂಪಿಸಿತು. ಪರಿಹಾರವೆಂದರೆ ಕಂದಾಯ ಇಲಾಖೆಯ ಕೆಲಸ ಎಂಬ ರೂಢಿ ಅಲ್ಲಿಂದ ಗಟ್ಟಿಯಾಯಿತು. 2005ರ ವಿಪತ್ತು ನಿರ್ವಹಣಾ ಕಾಯ್ದೆ ಬಹಳ ಮುಂದೆ ಹೋಗಿ, ಬಾಧಿತ ಪ್ರದೇಶದ ಸಮುದಾಯವು ತಾಳಿಕೊಳ್ಳಬಲ್ಲ ಶಕ್ತಿಯನ್ನು ಮೀರಿದ ಘಟನೆಯೇ ವಿಪತ್ತು ಎಂದು ಹೇಳಿತು. ಆದರೆ ಒಂದೇ ಊರಿನಲ್ಲಿ ಆ ಶಕ್ತಿ ಮನೆಯಿಂದ ಮನೆಗೆ ಎಷ್ಟು ಬೇರೆಯಾಗಿರುತ್ತದೆ ಎಂಬುದು ಪಂಚನಾಮೆಯಲ್ಲಿ ಬರುವುದೇ ಇಲ್ಲ.

ಬೆಳೆಹಾನಿಯನ್ನೇ ನೋಡಿ. ಪರಿಹಾರ ಪಹಣಿಯಲ್ಲಿ ಹೆಸರಿದ್ದವರಿಗೆ ಸಲ್ಲುತ್ತದೆ. ಗೇಣಿದಾರನಿಗೆ ನೆಲ ಕೊಡಿಸಲೆಂದು 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಗೇಣಿ ಪದ್ಧತಿಯನ್ನು ತೆಗೆದುಹಾಕಿತು, ಲಕ್ಷಾಂತರ ಕುಟುಂಬಗಳನ್ನು ಒಡೆಯರನ್ನಾಗಿಸಿತು. ಅದರ ದೊಡ್ಡತನವನ್ನು ಮರೆಯುವಂತಿಲ್ಲ. ಆದರೂ ಹಣ ಕೊಟ್ಟು ಹೊಲ ಹಿಡಿಯುವ ಲಾವಣಿ, ಬೆಳೆಯಲ್ಲಿ ಪಾಲು ಕೊಡುವ ಕೋರು ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿದವು. ಸಾಗುವಳಿದಾರನ ಹೆಸರು ಪಹಣಿಗೆ ಏರಿದರೆ ಭೂಮಿ ಕೈತಪ್ಪೀತು ಎಂದು ಒಡೆಯ ಹೆದರುತ್ತಾನೆ. ಹೀಗಾಗಿ ಸಾಲ ತಂದು ಬಿತ್ತಿದವನ ಬೆಳೆ ಕೊಚ್ಚಿಹೋದಾಗ ಪರಿಹಾರ ಮತ್ತೊಬ್ಬರ ಖಾತೆ ಸೇರುತ್ತದೆ. ಕೂಲಿಯವಳು ಕಳೆದುಕೊಂಡ ಸುಗ್ಗಿಯ ದಿನಗೂಲಿಗಂತೂ ಯಾವ ಕಾಲಮ್ಮೂ ಇಲ್ಲ. ಗ್ರಾಮ ಲೆಕ್ಕಿಗನನ್ನು ದೂರಿ ಫಲವಿಲ್ಲ. ಅವನ ಮುಂದಿದ್ದ ನಮೂನೆಯಲ್ಲಿ ಕೇಳಿದ್ದೇ ಅಷ್ಟು.

ಗಂಜಿ ಕೇಂದ್ರ, ತಗಡಿನ ಶೆಡ್ಡುಗಳ ನಂತರ ಬಂದದ್ದು ‘ಆಸರೆ’ ಯೋಜನೆ. ದಾನಿಗಳ ನೆರವಿನಿಂದ ಎತ್ತರದ ಜಾಗಗಳಲ್ಲಿ ಸಾಲುಸಾಲಾಗಿ ಮನೆಗಳು ಎದ್ದವು. ಮುಳುಗುವ ಊರನ್ನು ಮೇಲಕ್ಕೆ ಸಾಗಿಸಬೇಕೆಂಬ ನಿರ್ಧಾರ ಸರಿಯಾದದ್ದೇ ಎಂದು ನಾನು ನಂಬುತ್ತೇನೆ. ತಪ್ಪಿದ್ದು ಮನೆಯೆಂದರೆ ಏನು ಎಂಬ ತಿಳಿವಳಿಕೆಯಲ್ಲಿ. ಹಳೆಯ ಮನೆಯಲ್ಲಿ ದನ ಕಟ್ಟಲು ಜಾಗವಿತ್ತು, ಕಾಳಿನ ಚೀಲ ಒಟ್ಟಲು ಪಡಸಾಲೆಯಿತ್ತು, ಹಿತ್ತಲಲ್ಲಿ ಬಣವಿಯಿತ್ತು, ಹೊಲ ಹತ್ತಿರವಿತ್ತು. ಹೊಸ ಮನೆಯ ಎರಡು ಕೋಣೆಗಳಲ್ಲಿ ಎತ್ತುಗಳಿಗೆ ಎಡೆಯಿರಲಿಲ್ಲ. ಎಷ್ಟೋ ಕುಟುಂಬಗಳು ಹಕ್ಕುಪತ್ರವನ್ನು ಟ್ರಂಕಿನಲ್ಲಿಟ್ಟು ಹಳೆಯ ಗೋಡೆಗಳನ್ನೇ ಎತ್ತಿ ಕಟ್ಟಿಕೊಂಡವು.

2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಜಲಾಶಯದಿಂದ ಬಿಟ್ಟ ನೀರು, ಒತ್ತುವರಿಯಿಂದ ಪಾತ್ರವೇ ಕಿರಿದಾಗಿದ್ದ ಮಲಪ್ರಭೆಯಲ್ಲಿ ಹಿಡಿಯದೆ ನರಗುಂದ, ಬಾದಾಮಿ, ರೋಣ ತಾಲ್ಲೂಕುಗಳ ಹಳ್ಳಿಗಳಿಗೆ ನುಗ್ಗಿತು. ಹತ್ತು ವರ್ಷದ ಹಿಂದೆಯೇ ಆಸರೆ ಮನೆ ಮಂಜೂರಾಗಿದ್ದ ಕುಟುಂಬಗಳೂ ಹಳೆಯ ಊರಿನಲ್ಲೇ ನೀರಿಗೆ ಸಿಕ್ಕವು. ಮನೆ ಕೊಟ್ಟರೂ ಹೋಗಲಿಲ್ಲವೇಕೆ ಎಂದು ಹೊರಗಿನವರು ಕೇಳಿದರು. ಎತ್ತು ಬಿಟ್ಟು ಹೋಗುವುದೆಲ್ಲಿಗೆ ಎಂಬುದು ಊರವರ ಪ್ರಶ್ನೆಯಾಗಿತ್ತು.