ಬಳ್ಳಾರಿಯಲ್ಲಿ ಕೂತು ಬಂದರಿನ ಪಾಠ: ಕಂಟೇನರ್ ಬಂದರಿಗೆ ಪರಿಸರ ಅನುಮತಿ

"ಸಮುದ್ರವೇ ಇಲ್ಲದ ಊರಲ್ಲಿ ಬಂದರಿನ ಪಾಠ ಯಾಕಪ್ಪಾ?" ಅಂತ ನಮ್ಮ ಓದಿನ ಗುಂಪಿನ ಗೆಳೆಯ ಕೇಳಿದ. ಪರೀಕ್ಷೆಗೆ ಬರುತ್ತದೆ ಅನ್ನೋದು ಒಂದು ಉತ್ತರ. ಇನ್ನೊಂದು ಉತ್ತರ ಬೇಲೆಕೇರಿ. ನಮ್ಮ ಕಡೆಯ ಅದಿರು ಲಾರಿಗಳು ಅಂಕೋಲಾ ತಾಲ್ಲೂಕಿನ ಆ ಬಂದರಿಗೆ ಸಾಲುಗಟ್ಟಿ ಹೋಗುತ್ತಿದ್ದವು. 2010ರಲ್ಲಿ ಅಲ್ಲಿ ಜಪ್ತಿ ಮಾಡಿಟ್ಟ ಅದಿರು ಮಾಯವಾದ ಕಥೆ ಬಳ್ಳಾರಿಯಲ್ಲಿ ಎಲ್ಲರಿಗೂ ಗೊತ್ತು. ಈಗ ಅದೇ ತಾಲ್ಲೂಕಿನ ಕೇಣಿಯಲ್ಲಿ ಹೊಸ ಬಂದರಿನ ಪ್ರಸ್ತಾವ ಇದೆ. ಮೀನುಗಾರರ ವಿರೋಧವೂ ಇದೆ.

ಮೊದಲು ಕಾನೂನಿನ ಬುಡ. 1986ರ ಪರಿಸರ ಸಂರಕ್ಷಣಾ ಕಾಯ್ದೆ, ಅದರಡಿ 2006ರ ಸೆಪ್ಟೆಂಬರ್ 14ರ ಇಐಎ (ಪರಿಸರದ ಮೇಲಿನ ಪರಿಣಾಮದ ಅಂದಾಜು) ಅಧಿಸೂಚನೆ. ಅದರ ಪಟ್ಟಿಯಲ್ಲಿ ಬಂದರುಗಳದ್ದು 7(ಇ). ವರ್ಷಕ್ಕೆ 50 ಲಕ್ಷ ಟನ್ ಅಥವಾ ಅದಕ್ಕಿಂತ ಜಾಸ್ತಿ ಸರಕು ಸಾಗಿಸುವ ಸಾಮರ್ಥ್ಯ ಇದ್ದರೆ 'ಎ' ವರ್ಗ. ಅದರ ಕಡತ ದಿಲ್ಲಿಗೆ, ಕೇಂದ್ರ ಪರಿಸರ ಸಚಿವಾಲಯಕ್ಕೆ ಹೋಗುತ್ತದೆ. ಕಡಿಮೆ ಇದ್ದರೆ 'ಬಿ' ವರ್ಗ, ರಾಜ್ಯದ ಪ್ರಾಧಿಕಾರ ನೋಡುತ್ತದೆ.

ಇಲ್ಲಿ ಒಂದು ತೊಡಕು. ಕಂಟೇನರ್ ಬಂದರಿನವರು ಟನ್ ಲೆಕ್ಕ ಹೇಳುವುದಿಲ್ಲ, ಟಿಇಯು ಅನ್ನುತ್ತಾರೆ. ಒಂದು ಟಿಇಯು ಅಂದರೆ 20 ಅಡಿ ಉದ್ದದ ಒಂದು ಪೆಟ್ಟಿಗೆ. ಪೆಟ್ಟಿಗೆಗೆ ಸರಾಸರಿ 12 ಟನ್ ಅಂತ ಹಿಡಿದರೆ, ಸುಮಾರು 4.2 ಲಕ್ಷ ಪೆಟ್ಟಿಗೆಗೆ 50 ಲಕ್ಷ ಟನ್ ಆಯಿತು. ಮಹಾರಾಷ್ಟ್ರದ ವಾಢವಣ ಬಂದರಿನ ಗುರಿ ವರ್ಷಕ್ಕೆ 2.32 ಕೋಟಿ ಟಿಇಯು! ಅಂದರೆ ದೊಡ್ಡ ಕಂಟೇನರ್ ಬಂದರು ಯಾವುದೇ ಇರಲಿ, 'ಎ' ವರ್ಗವೇ.

ಹಂತಗಳು ನಾಲ್ಕು ಅಂತ ಗೈಡುಗಳಲ್ಲಿ ಇರುತ್ತದೆ: ವರ್ಗ ಪರಿಶೀಲನೆ, ಅಧ್ಯಯನದ ವ್ಯಾಪ್ತಿ, ಸಾರ್ವಜನಿಕ ಆಲಿಕೆ, ಮೌಲ್ಯಮಾಪನ. ಆದರೆ ಮೊದಲನೆಯದು 'ಬಿ' ವರ್ಗಕ್ಕೆ ಮಾತ್ರ. 'ಎ' ವರ್ಗ ನೇರ ಎರಡನೆಯದರಿಂದ ಶುರು. ನಾನು ಮಾದರಿ ಪರೀಕ್ಷೆಯಲ್ಲಿ ಇದೇ ತಪ್ಪು ಮಾಡಿದ್ದೆ.

ಎರಡನೇ ಹಂತದಲ್ಲಿ ತಜ್ಞರ ಸಮಿತಿ "ಇದಿದನ್ನು ಅಧ್ಯಯನ ಮಾಡಿ ತನ್ನಿ" ಅಂತ ಪಟ್ಟಿ ಕೊಡುತ್ತದೆ. ಬಂದರಿನ ವಿಷಯದಲ್ಲಿ ಅದರ ಜೀವಾಳ ಎರಡು: ಹೂಳು ಮತ್ತು ಮರಳು. ದೊಡ್ಡ ಹಡಗಿಗೆ ಆಳ ಬೇಕು, ಅದಕ್ಕೆ ಸಮುದ್ರದ ತಳ ಕೆರೆದು ತೆಗೆಯಬೇಕು. ತೆಗೆದ ಹೂಳನ್ನು ಎಲ್ಲಿ ಸುರಿಯುತ್ತೀರಿ? ತುಂಗಭದ್ರೆಯ ದಂಡೆಯವರಿಗೆ ಈ ಪ್ರಶ್ನೆ ಬಿಡಿಸಿ ಹೇಳಬೇಕಿಲ್ಲ. 133 ಟಿಎಂಸಿ ಇದ್ದ ನಮ್ಮ ಡ್ಯಾಮು ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ತೆಗೆಯೋಣ ಅಂದರೆ ಹಾಕಲು ಜಾಗ ಇಲ್ಲ. ಬಂದರಿನಲ್ಲಂತೂ ಒಂದು ಸಲ ತೆಗೆದು ಬಿಡುವ ಹಾಗಿಲ್ಲ, ಮತ್ತೆ ಮತ್ತೆ ತೆಗೆಯುತ್ತಲೇ ಇರಬೇಕು. ಇನ್ನು ಮರಳು. ಅದು ದಂಡೆಗುಂಟ ಹರಿಯುತ್ತಿರುತ್ತದೆ. ಅಲೆತಡೆಗೋಡೆ ಅಡ್ಡ ಬಂದರೆ ಗೋಡೆಯ ಒಂದು ಬದಿಗೆ ಮರಳು ಗುಡ್ಡೆ ಬೀಳುತ್ತದೆ, ಇನ್ನೊಂದು ಬದಿಯ ದಂಡೆ ಕೊರೆದು ಹೋಗುತ್ತದೆ. ಆ ಬದಿಯಲ್ಲಿ ಮೀನುಗಾರರ ಮನೆ ಇದ್ದರೆ ಮುಂದಿನದು ನೀವೇ ಊಹಿಸಿ.

ಮೂರನೆಯದು ಆಲಿಕೆ. ನಿಜವಾಗಿ ಓದಬೇಕಾದ್ದು ಇದನ್ನೇ. ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಕನಿಷ್ಠ 30 ದಿನ ಮುಂಚೆ ಒಂದು ರಾಷ್ಟ್ರೀಯ ಪತ್ರಿಕೆ, ಒಂದು ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಅಧ್ಯಕ್ಷತೆ ಜಿಲ್ಲಾಧಿಕಾರಿಯದ್ದು, ಅಥವಾ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿಯದ್ದು. ವಿಡಿಯೊ ಕಡ್ಡಾಯ, ಕೋರಂ (ಕನಿಷ್ಠ ಇಷ್ಟು ಜನ ಇರಲೇಬೇಕು) ಅನ್ನೋದು ಇಲ್ಲ. ಅಲ್ಲಿ ಮತ ಹಾಕುವುದಿಲ್ಲ ಅನ್ನೋದು ನೆನಪಿರಲಿ. ಎಲ್ಲರೂ ಬೇಡ ಅಂದ ಮಾತ್ರಕ್ಕೆ ಯೋಜನೆ ಬಿದ್ದು ಹೋಗುವುದಿಲ್ಲ. ಆದರೆ ಎತ್ತಿದ ಆಕ್ಷೇಪಕ್ಕೆ ಅಂತಿಮ ವರದಿಯಲ್ಲಿ ಉತ್ತರ ಕೊಡಲೇಬೇಕು.

ನಮ್ಮ ತಾಲ್ಲೂಕಿನಲ್ಲಿ ಒಂದು ಕಾರ್ಖಾನೆಯ ಆಲಿಕೆಗೆ ನಾನು ಹೋಗಿದ್ದೆ. ಶಾಮಿಯಾನ, ಕರಕರ ಅನ್ನುವ ಮೈಕು, ಹಿಂದೆ ಉಪ್ಪಿಟ್ಟಿನ ಪೊಟ್ಟಣ. ಕೆಲವರು ಪರ ಕೂಗಿದರು, ಕೆಲವರು ವಿರೋಧ. ಆಗ ಒಬ್ಬ ಅಜ್ಜ ಟವಲಿನಿಂದ ನಾಲ್ಕು ಹತ್ತಿಕಾಯಿ ಬಿಚ್ಚಿ ಮೇಜಿನ ಮೇಲಿಟ್ಟ. ಒಡೆದ ಅರಳೆ ಬೂದಿ ಬಣ್ಣಕ್ಕೆ ತಿರುಗಿತ್ತು. "ಇದನ್ನ ನೀವೇ ಮುಟ್ಟಿ ನೋಡ್ರಿ ಸಾಹೇಬ್ರ" ಅಂದ. ಅಧಿಕಾರಿ ಮುಟ್ಟಿ, ಬೆರಳು ಒರೆಸಿಕೊಂಡು, "ಬರೆದು ಕೊಡ್ರಿ ಯಜಮಾನ್ರೇ" ಅಂದರು. ಪಕ್ಕದ ಹುಡುಗನೊಬ್ಬ ಸರ್ವೆ ನಂಬರು, ಬೆಳೆ, ಲಾರಿ ಓಡಾಡುವ ದಾರಿ ಎಲ್ಲ ಬರೆದುಕೊಟ್ಟ. ಅರ್ಧ ಗಂಟೆಯ ಕೂಗಾಟಕ್ಕಿಂತ ಆ ಒಂದು ಹಾಳೆ ಕಡತದಲ್ಲಿ ಗಟ್ಟಿಯಾಗಿ ಕೂತಿತು. ಸಭೆಗೆ ಬರಲಾಗದವರು ಸಂಬಂಧಪಟ್ಟವರಾದರೆ ಲಿಖಿತವಾಗಿಯೂ ಕಳಿಸಬಹುದು.

ನಾಲ್ಕನೆಯದು ಚಿಕ್ಕದು. ಅಂತಿಮ ವರದಿ ಬಂದ ಮೇಲೆ ಸಮಿತಿಗೆ 60 ದಿನ, ಸಚಿವಾಲಯದ ತೀರ್ಮಾನಕ್ಕೆ 45 ದಿನ. ಇದು ಕಾಗದದ ಮೇಲಿನ ಲೆಕ್ಕ. ವಾಢವಣದ ಕಥೆ ನೋಡಿ: 1998ರಲ್ಲಿ, ಆ ಜಾಗ ಇರುವ ಡಹಾಣು ತಾಲ್ಲೂಕಿನ ಪರಿಸರ ಪ್ರಾಧಿಕಾರ ಬೇಡ ಅಂದಿತ್ತು. 2023ರಲ್ಲಿ ಅದೇ ಪ್ರಾಧಿಕಾರ ಒಪ್ಪಿತು, 2024ರಲ್ಲಿ ಪರಿಸರ ಅನುಮತಿ ಬಂತು.

ಜಾಸ್ತಿ ಗೊಂದಲ ಆಗುವುದು ಬೇರೆ ಬೇರೆ ಅನುಮತಿಗಳನ್ನು ಒಂದೇ ಅಂದುಕೊಂಡಾಗ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅನುಮತಿ ಬೇರೆ: ಉಬ್ಬರ ರೇಖೆಯಿಂದ ಭೂಮಿಯ ಕಡೆ 500 ಮೀಟರ್, ಸಮುದ್ರದ ಕಡೆ 12 ನಾಟಿಕಲ್ ಮೈಲಿವರೆಗೆ ಅದರ ಹಿಡಿತ. ಈಗಿನದು 2019ರ ಅಧಿಸೂಚನೆ. ಮಂಡಳಿಯ ಸಮ್ಮತಿ ಇನ್ನೂ ಬೇರೆ: 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆಯಡಿ ಕಟ್ಟುವ ಮುಂಚೆ ಒಂದು, ನಡೆಸುವ ಮುಂಚೆ ಒಂದು. ನಮ್ಮೂರಿನ ಜೀನ್ಸ್ ವಾಶಿಂಗ್ ಘಟಕದವರಿಗೂ ಈ ಸಮ್ಮತಿ ಗೊತ್ತು. ಕಾಡಿನ ಜಾಗ ಬೇಕಾದರೆ 1980ರ ಅರಣ್ಯ ಕಾಯ್ದೆಯಡಿ ಮತ್ತೊಂದು. ಬಂದರಿಗೆ ರೈಲು ಬೇಕಲ್ವಾ? ನಮ್ಮ ಅದಿರು ಕರಾವಳಿಗೆ ಒಯ್ಯಲಿ ಅಂತ 1990ರ ದಶಕದಲ್ಲೇ ಯೋಚಿಸಿದ ಹುಬ್ಬಳ್ಳಿ–ಅಂಕೋಲಾ ಮಾರ್ಗ ಪಶ್ಚಿಮಘಟ್ಟದ ಕಾಡಿನ ಪ್ರಶ್ನೆಗೇ ಸಿಕ್ಕಿಕೊಂಡಿತು.

ಅನುಮತಿ ಪ್ರಶ್ನಿಸುವವರು 30 ದಿನದೊಳಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಬೇಕು. ತಕ್ಕ ಕಾರಣ ಇದ್ದರೆ ಇನ್ನೂ 60 ದಿನ ಸಿಗಬಹುದು. ಅನುಮತಿ ಪಡೆದವರು ಷರತ್ತು ಪಾಲಿಸಿದ ಬಗ್ಗೆ ಆರು ತಿಂಗಳಿಗೊಮ್ಮೆ ವರದಿ ಕೊಡಬೇಕು. ಆ ಅಜ್ಜನ ಹತ್ತಿಕಾಯಿ ಒಂದು ಷರತ್ತಾಗಿತ್ತು: ದಾರಿಗೆ ದಿನಕ್ಕೆ ಎರಡು ಸಲ ನೀರು ಚಿಮುಕಿಸಬೇಕು. ಟ್ಯಾಂಕರ್ ಬರುವುದು ಬೆಳಿಗ್ಗೆ ಮಾತ್ರ. ವರದಿಯಲ್ಲಿ ಎರಡು ಸಲ ಅಂತಲೇ ಇದೆ.